ಬರೋ ಗೆರೆ, ಹೋಗೋ ಗೆರೆ

ಲೈಟ್ ಆರಿಸಬೇಡಿ, ಇರಲಿ. ಆಮೇಲೆ ಹೆದರ್ಕೊಂಡು ಎಲ್ಲರೂ ಬಂದು ನನಗೇ ಒತ್ತಿಕೊಂಡು ಮಲಗ್ತೀರಿ, ನನಗೆ ನಿದ್ದೆ ಇರಲ್ಲ.

ಇದು ನನ್ನ ಚಿಕ್ಕಮ್ಮನ ಮಗಳಿಗೆ ಆಗಿದ್ದು. ನನ್ನ ತಂಗಿ ಅಂತಲೇ ಅನ್ಕೊಳ್ಳಿ. ಅವತ್ತು ಅವಳು ಆಫೀಸಿಂದ ಹೊರಡೋ ಹೊತ್ತಿಗೆ ಬೀದಿಯೆಲ್ಲ ಖಾಲಿ. ಮನೆ ದಾರೀಲಿ ಒಂದು ಹಳೇ ಆಸ್ಪತ್ರೆ. ಅದರ ಹಿಂದೆ ಒಂದು ಬಾವಿ, ಮೇಲೆ ಕಬ್ಬಿಣದ ಮುಚ್ಚಳ. ಬಾವಿ ದಾಟಿದ್ಲು...

ಟಣ್.

ನಿಂತ್ಲು. ನಾಯಿ ಇಲ್ಲ, ಗಾಳಿ ಇಲ್ಲ. ಎರಡು ಹೆಜ್ಜೆ ಇಟ್ಲು... ಟಣ್. ಮೇಲಿಂದ ಕಲ್ಲು ಬಿದ್ದ ಸದ್ದಲ್ಲ ರೀ. ಒಳಗಿಂದ ಯಾರೋ ಬೆರಳಿನ ಗಿಣ್ಣಲ್ಲಿ ತಟ್ಟಿದ ಸದ್ದು. ಓಡಿಬಂದು ಮನೆ ಸೇರಿದಾಗ ಅವಳ ಮುಖದಲ್ಲಿ ರಕ್ತಾನೇ ಇರಲಿಲ್ಲ. ಬಾಗಿಲು ತೆಗೆದವಳು ನಾನೇ. ಅವಳ ಗಂಡ ಬೇರೆ ಊರಲ್ಲಿ ಕೆಲಸದ ಮೇಲಿದ್ದ, ಮಗು ನೋಡ್ಕೊಳ್ಳೋಕೆ ಅಂತ ನಾನು ಹೋಗಿದ್ದೆ. ಮಗು ಅಂದ್ರೆ ಪುಟ್ಟಿ, ಆಗ ಒಂದನೇ ಕ್ಲಾಸು.

ಅವಳ ಕೆಲಸ ಏನು ಅಂತ ಹೇಳಲೇಬೇಕು, ಇಲ್ಲಾಂದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ. ಊರಿನ ನಕ್ಷೆ ಒಂದು ಕಡೆ ಇರುತ್ತೆ. ರಸ್ತೆ, ಗೇಟು, ಬಾವಿ ಎಲ್ಲ ಅದರಲ್ಲಿ. ಕಟ್ಟಡಗಳ ಮಾದರಿ ಇನ್ನೊಂದು ಕಡೆ. ಕೋಣೆ, ಗೋಡೆ, ಮೆಟ್ಟಿಲು ಎಲ್ಲ ಇದರಲ್ಲಿ. ಇವೆರಡೂ ಜಗಳ ಆಡಿದ ಅತ್ತೆ-ಸೊಸೆ ಥರ, ಒಂದಕ್ಕೊಂದು ಮಾತಿಲ್ಲ. ಅವನ್ನ ಒಂದು ಮಾಡೋದು ಇವಳ ಕೆಲಸ. ಗ್ರಾಫ್ ಡೇಟಾಬೇಸ್ ಅಂತಾರೆ. ಕೋಣೆ ಅಂದ್ರೆ ಒಂದು ಚುಕ್ಕಿ. ಬಾಗಿಲು ಅಂದ್ರೆ ಚುಕ್ಕಿಯಿಂದ ಚುಕ್ಕಿಗೆ ಗೆರೆ. ಗೆರೆಗೆ ದಿಕ್ಕಿರುತ್ತೆ, ಬರೋದಕ್ಕೆ ಒಂದು, ಹೋಗೋದಕ್ಕೆ ಒಂದು. ಎಲ್ಲಾದ್ರೂ ಬೆಂಕಿ ಬಿದ್ರೆ ಫೈರ್ ಸ್ಟೇಷನ್‌ನವರು ಕೇಳ್ತಾರೆ, ಈ ಕೋಣೇಲಿ ಸಿಕ್ಕಿಕೊಂಡವರು ಹೊರಗೆ ಬರೋ ದಾರಿ ಯಾವುದು ಅಂತ. ಅದು ಗೆರೆ ಹಿಡ್ಕೊಂಡು ರಸ್ತೆ ತನಕ ತೋರಿಸುತ್ತೆ. ಜೀವ ಉಳಿಸೋ ಕೆಲಸ, ಅವಳಿಗೆ ಅದರ ಮೇಲೆ ತುಂಬಾ ಹೆಮ್ಮೆ.

ಆಗ ಕೈಯಲ್ಲಿದ್ದದ್ದು ಅದೇ ಹಳೇ ಆಸ್ಪತ್ರೆ. ಅದರ ನೆಲಮಾಳಿಗೇಲಿ ಒಂದು ಕೋಣೆ. ನಾಲ್ಕೂ ಕಡೆ ಗೋಡೆ, ಬಾಗಿಲೇ ಇಲ್ಲ. ಒಂದು ಚುಕ್ಕಿ, ಗೆರೆ ಇಲ್ಲದೆ ಒಂಟಿಯಾಗಿ ಕೂತಿದೆ. ಸೀನಿಯರ್‌ನ ಕೇಳಿದ್ಲು.

“ಯಾವ ಕಾಲದಲ್ಲೋ ಗೋಡೆ ಕಟ್ಟಿ ಮುಚ್ಚಿರ್ತಾರೆ ಬಿಡಮ್ಮ. ಅಲ್ಲಿ ಯಾರಿರ್ತಾರೆ?” ಅಂದ ಅವನು.

ಮಾರನೇ ದಿನ ನೋಡಿದ್ರೆ... ಆ ಕೋಣೆಯಿಂದ ಬಾವಿಗೆ ಒಂದು ಗೆರೆ. ಯಾರು ಎಳೆದದ್ದು? ಎಲ್ಲರನ್ನೂ ಕೇಳಿದ್ಲು, ನಾನಲ್ಲ ನಾನಲ್ಲ ಅಂದ್ರು. ಅಳಿಸಿದ್ಲು. ಮತ್ತೆ ಬಂತು. ಈ ಸಲ ಬಾವಿ ದಾಟಿ ಬೀದಿಗೆ. ಅದನ್ನೂ ಅಳಿಸಿದ್ಲು. ಆಮೇಲೆ ಬೀದಿ ದಾಟಿ ಒಂದು ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ. ಅದು ಇವಳದೇ ಅಪಾರ್ಟ್‌ಮೆಂಟು. ಏಯ್, ನೀನು ಹಲ್ಲು ಕಿಸೀಬೇಡ! ನಿನ್ನ ಮನೆಗೆ ಬಂದಿದ್ರೆ ಗೊತ್ತಾಗ್ತಿತ್ತು.

ಅವತ್ತು ಓಡಿ ಬಂದ್ಲಲ್ಲ, ಆ ದಿನ ಸಂಜೆ ಆಫೀಸಲ್ಲಿ ನೋಡಿದ್ದು ಏನು ಗೊತ್ತಾ? ಗೆರೆ ಪುಟ್ಟಿ ಮಲಗೋ ಕೋಣೆ ತನಕ ಬಂದಿತ್ತು.

ಮಗು ಎದ್ದೇ ಇತ್ತು. ಅಮ್ಮನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿತು.

“ಅಮ್ಮಾ... ಗೋಡೇಲಿ ಯಾರೋ ಇದಾರೆ.”

“ಯಾರೂ ಇಲ್ಲ ಕಂದ.”

“ಇದಾರೆ. ಕೆರೀತಿದಾರೆ.”

ನಾನು ಗೋಡೆಗೆ ಕಿವಿ ಇಟ್ಟೆ. ನನ್ನಾಣೆ, ಕೇಳಿಸ್ತು... ಸರ್ರ್... ಸರ್ರ್... ಒಣಗಿದ ಸುಣ್ಣ ಉಗುರಲ್ಲಿ ಕೆರೆಯೋ ಸದ್ದು. ಆಮೇಲೆ ಪುಡಿ ಉದುರೋ ಸದ್ದು.

ಬೇರೆ ಮನೆಗೆ ಹೋಗೋಣ ಅಂದೆ. “ಎಲ್ಲಿಗೆ ಹೋದ್ರೂ ಗೆರೆ ಬರುತ್ತಕ್ಕಾ, ಊರೆಲ್ಲ ಅದರಲ್ಲೇ ಇದೆ,” ಅಂದ್ಲು. ಲ್ಯಾಪ್‌ಟಾಪ್ ತೆಗೆದು ಹಾಲ್‌ನಲ್ಲಿ ಕೂತ್ಲು. ಒಂದೊಂದೇ ಗೆರೆ ಅಳಿಸಿದ್ಲು. ಆಮೇಲೆ ಆ ಡೇಟಾಬೇಸನ್ನೇ ಕೇಳಿದ್ಲು, ಆ ಮುಚ್ಚಿದ ಕೋಣೆಯಿಂದ ಪುಟ್ಟಿ ಕೋಣೆಗೆ ದಾರಿ ಇದೆಯಾ? ಇಲ್ಲ ಅಂತ ಬಂತು. ಇನ್ನೊಂದ್ಸಲ ಕೇಳಿದ್ಲು. ಇಲ್ಲ.

ಗೋಡೇಲಿ ಸದ್ದು ನಿಂತಿತು.

ತಂಗಿ ನನ್ನ ತಬ್ಬಿಕೊಂಡು ಅತ್ತಳು. ಆದ್ರೂ ನನಗೆ ಧೈರ್ಯ ಸಾಲದೆ ಮಗು ಕೋಣೆಗೆ ಒಳಗಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ಚಾಪೆ ಹಾಸ್ಕೊಂಡೆ. ಪುಟ್ಟಿ ಉಸಿರು ಕೇಳಿಸ್ತಿತ್ತು. ಅದನ್ನೇ ಕೇಳ್ತಾ ಕಣ್ಣು ಮುಚ್ಚಿಹೋಯ್ತು.

ಬೆಳಕು ಹರಿಯೋ ಮುಂಚೆ ಧಡಧಡ ಬಾಗಿಲು ಬಡಿದ ಸದ್ದು. ತಂಗಿ ಆ ಕಡೆಯಿಂದ ಕಿರುಚ್ತಿದಾಳೆ.

“ಅಕ್ಕಾ! ಮಗು ಇದೆಯಾ ನೋಡು! ನಾನು ಆ ಕೋಣೆಯಿಂದ ಹೊರಗೆ ಬರೋ ದಾರಿ ಮಾತ್ರ ಕೇಳಿದೆ... ದಿನಾ ಕೇಳೋದು ಅದನ್ನೇ ಅಲ್ವಾ, ಸಿಕ್ಕಿಕೊಂಡವರು ಹೊರಗೆ ಬರೋದು... ಬರೋ ಗೆರೆ ಅಷ್ಟೇ ಅಳಿಸಿದೀನಿ. ಇಲ್ಲಿಂದ ಅಲ್ಲಿಗೆ ಹೋಗೋ ಗೆರೆ ಹಾಗೇ ಇದೆ ಅಕ್ಕಾ!”

ನಾನು ತಿರುಗಿ ನೋಡಿದೆ. ಹಾಸಿಗೆ ಖಾಲಿ. ಚಿಲಕ ಹಾಕಿದ್ದು ಹಾಕಿದ ಹಾಗೇ. ಕಿಟಕಿಗೆ ಸರಳು. ನಾನು ಬಾಗಿಲಿಗೆ ಅಡ್ಡ.

ತಂಗಿ ಫೈರ್ ಆಫೀಸರ್‌ಗೆ ಫೋನ್ ಮಾಡಿದ್ಲು, ಕೆಲಸದಲ್ಲಿ ಪರಿಚಯದವರು. ಅವರು ಆಸ್ಪತ್ರೆಗೆ ಬಂದು ಮೊದಲು ಬಾವಿ ಮುಚ್ಚಳ ಎತ್ತಿಸಿದ್ರು. ಒಳಗೆ ಬಾಯಿ ತನಕ ಮಣ್ಣು, ಗಟ್ಟಿಯಾಗಿ ಕೂತಿದೆ. ಇಲಿ ಹೋಗೋಕೂ ಜಾಗ ಇಲ್ಲ. ಅವರು ತಂಗಿ ಮುಖ ನೋಡಿದ್ರು. “ಗೋಡೆ ಒಡೀರಿ ಸಾರ್, ಕಾಲಿಗೆ ಬೀಳ್ತೀನಿ,” ಅಂದ್ಲು ಅವಳು.

ನೆಲಮಾಳಿಗೆ. ಹಳೇ ಗಾರೆ, ಒಂದು ಬಿರುಕಿಲ್ಲ. ಸುತ್ತಿಗೆ ಬಿತ್ತು... ಧಬ್. ಒಳಗಿಂದ... ಟಕ್. ಮತ್ತೆ ಧಬ್. ಮತ್ತೆ... ಟಕ್. ಸುತ್ತಿಗೆ ಹಿಡಿದವನು ಹಿಂದೆ ಸರಿದ. ಆಫೀಸರೇ ಕಿತ್ಕೊಂಡು ಒಡೆದ್ರು.

ಪುಟ್ಟಿ ಒಳಗೆ ಕೂತಿತ್ತು. ಜೀವ ಇತ್ತು, ಅಷ್ಟು ಸಾಕು ನಮಗೆ. ನಮ್ಮ ಕಡೆ ಬೆನ್ನು ಹಾಕ್ಕೊಂಡು, ಯಾರೋ ತಲೆ ಬಾಚೋಕೆ ಕೂರಿಸಿದ ಹಾಗೆ ನೆಟ್ಟಗೆ ಕೂತಿತ್ತು. ಧೂಳಲ್ಲಿ ಒಂದು ಹೆಜ್ಜೆ ಗುರುತಿಲ್ಲ, ಮಗುವಿನದ್ದೂ ಇಲ್ಲ. ಬೇರೆ ಯಾರೂ ಇರಲಿಲ್ಲ... ಮೂಳೆ ಗೀಳೆ ಅಂತ ಕೇಳ್ಬೇಡಿ, ಏನೂ ಇರಲಿಲ್ಲ. ತಂಗಿ ಎತ್ಕೊಂಡಾಗ ಮಗು ಅಳಲಿಲ್ಲ. ಆ ರಾತ್ರಿ ಬಗ್ಗೆ ಇವತ್ತಿಗೂ ಬಾಯಿ ಬಿಟ್ಟಿಲ್ಲ. ತಂಗಿ ಆ ಕೆಲಸ ಬಿಟ್ಲು. ಮಗು ಮಲಗಿದ್ರೆ ಅದರ ಕೈ ಬಿಡಲ್ಲ, ಈಗಲೂ.

ಮಗು ಕೂದಲು ಬಿಚ್ಚಿಕೊಂಡೇ ಮಲಗಿತ್ತು ಅವತ್ತು. ಸಿಕ್ಕಾಗ ಬಿಗಿಯಾಗಿ ಜಡೆ ಹೆಣೆದಿತ್ತು. ಮನೆಗೆ ತಂದು ನಾನೇ ಬಿಚ್ಚಿದೆ, ಈ ಎರಡು ಕೈಯಲ್ಲಿ. ಯಾರೋ ಹೇಳಿದ್ದು ಕೇಳಿ ಹೇಳ್ತಿಲ್ಲ ನಾನು. ಮೂರೆಳೆ ಜಡೆ. ಎರಡು ಎಳೆ ಮಗುವಿನ ಕೂದಲು. ಮೂರನೇದು ಬಿಚ್ಚುತ್ತಿದ್ದ ಹಾಗೇ ಪೂರ್ತಿ ನನ್ನ ಕೈಗೆ ಬಂತು... ಉದ್ದ, ಬಿಳಿ, ಒದ್ದೆ.