ಹೋಸ್ಟ್ ಮಾಡೋನ ಮರ್ಯಾದೆ

ನರದ ಡಾಕ್ಟರ ಬಾಗಿಲಲ್ಲಿ ಟೋಕನ್ ಹಿಡಿದು ಕೂತಿದ್ದ ಟೈಲರಮ್ಮನ ಕಣ್ಣು ಗೋಡೆಯ ಪೋಸ್ಟರ್ ಮೇಲಿತ್ತು, ಕಿವಿ ಮಾತ್ರ ಪಕ್ಕದ ಬೆಂಚಿಗೆ ಬಾಡಿಗೆ ಹೋಗಿತ್ತು. ಅಲ್ಲೊಬ್ಬ ಅಕ್ಕ, ಒಬ್ಬ ತಮ್ಮ. ಅವರಪ್ಪ ಒಳಗೆ ಡಾಕ್ಟರಿಗೆ ಕೈ ತೋರಿಸುತ್ತಿದ್ದರು.

"ನಿನ್ನ ಗೇಮ್ ಗೆಳೆಯರು ಮತ್ತೆ ಬೈದ್ರಂತೆ?"

"ಹೂಂ. 'ಹೋಸ್ಟ್ ಮಾಡೋನ ನೆಟ್ಟು ನೆಟ್ಟಗಿರಬೇಕು, ಅಷ್ಟೂ ಮರ್ಯಾದೆ ಗೊತ್ತಿಲ್ವಾ' ಅಂತ."

"ಸರಿಯಾಗೇ ಬೈದಿದ್ದಾರೆ. ಎಲ್ಲರ ಆಟಾನೂ ಆಮೆ ಮಾಡ್ತೀಯ."

"ಬೇಕಂತಾನೇ ಮಾಡ್ತೀನಿ ಕಣೇ. ಅಪ್ಪನೂ ನಮ್ಮ ಟೀಮಲ್ಲಿ ಆಡ್ತಾರಲ್ಲ. ಹೋಸ್ಟ್ ಮಾಡೋನ ನೆಟ್ ಮೇಲೇ ಎಲ್ಲರ ಆಟ ಓಡೋದು. ಆ ಡಬ್ಬಾ ಕನೆಕ್ಷನ್ನಲ್ಲಿ ನಾನು ಹೋಸ್ಟ್ ಮಾಡಿದ್ರೆ ಎಲ್ಲರಿಗೂ ಲ್ಯಾಗ್, ಒತ್ತಿದ್ದು ತಡವಾಗೇ ಬೀಳುತ್ತೆ. ಎಲ್ಲರೂ ತಡವಾದ್ರೆ ಅಪ್ಪನ ಕೈ ತಡ ಅಂತ ಯಾರಿಗೆ ಗೊತ್ತಾಗುತ್ತೆ? ಅಪ್ಪಂಗೂ ಗೊತ್ತಾಗಲ್ಲ."

ಅಕ್ಕ ಹಣೆ ಹಿಡಿದುಕೊಂಡಳು.

"ಅಯ್ಯೋ ಕೋತಿ, ಮೊದಲೇ ಹೇಳಬಾರದಿತ್ತಾ?"

"ಯಾಕೆ?"

"ನಿನ್ನನ್ನ ಎಲ್ಲರೂ ಬೈತಾರೆ ಅಂತ ಅಪ್ಪಂಗೆ ಬೇಜಾರಾಯ್ತು. ಬೆಳಗ್ಗೆ ಹೊಸ ಕನೆಕ್ಷನ್ ಹಾಕಿಸಿದ್ದಾರೆ. ಬಾಣ ಬಿಟ್ಟಂಗಿದೆ. 'ಅವನಿಗೆ ಹೇಳಬೇಡ, ಸಂಜೆ ನೋಡ್ಲಿ' ಅಂದ್ರು."

ಅಷ್ಟರಲ್ಲಿ ಬಾಗಿಲು ತೆರೆದು, ತೋಳಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಾ ಅಪ್ಪ ಹೊರಗೆ ಬಂದರು.

"ಡಾಕ್ಟ್ರು ಏನಂದ್ರಪ್ಪ?"

"ಅವರ ಪುರಾಣ ಇದ್ದಿದ್ದೇ ಬಿಡು. ನಡೀರಿ, ಬೇಗ ಮನೆ ಸೇರೋಣ. ಲೋ, ಲ್ಯಾಗ್ ಒಂದು ಇಲ್ದಿದ್ರೆ ನಿಮ್ಮಪ್ಪನ ಕೈ ಹೆಂಗೆ ಓಡುತ್ತೆ ಅಂತ ಇವತ್ತು ನೋಡುವಂತೆ!"

"ನೋಡೋಣಪ್ಪ" ಅಂದ ತಮ್ಮ, ಬಗ್ಗಿ ಅಪ್ಪನ ಗುಂಡಿ ಹಾಕಿಕೊಟ್ಟ.

ಮೂವರೂ ಲಿಫ್ಟ್ ಹತ್ತಿದರು.