ಹೊಸ ಮುದ್ರಣ

ನಗಬೇಡಿ, ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆಗಿದ್ದು. ಆಸ್ಪತ್ರೆ ಲೈಬ್ರರಿ ನೋಡ್ಕೊಳ್ಳೋ ಅಕ್ಕ ಇದಾಳಲ್ಲ, ಅವಳಿಗೆ.

ಅವತ್ತು ರಾತ್ರಿ ಹತ್ತೂವರೆ. ಲೈಬ್ರರಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಆಸ್ಪತ್ರೆ ಹಿಂದಿನ ಹಾಳುಬಾವಿ ದಾಟ್ತಿದ್ಲು. ಬೆನ್ನ ಹಿಂದೆ ಸದ್ದು. ಸರ್ರ್… ಟಕ್. ಪುಸ್ತಕಗಳ ಕಾರ್ಡಿಡೋ ಕಪಾಟಿನ ಡ್ರಾಯರ್ ಎಳೆದು ಮುಚ್ಚಿದ ಸದ್ದು. ಬೀಗ ಹಾಕಿದ ಕೋಣೆಯ ಒಳಗಿನಿಂದ.

ಬೇರೆಯವರಾಗಿದ್ರೆ ಕಾಲಿಗೆ ಬುದ್ಧಿ ಹೇಳ್ತಿದ್ರು. ಅಕ್ಕನಿಗೆ ಹೊಟ್ಟೆ ಉರೀತು.

ಯಾಕಂದ್ರೆ ಅದು ಯಾರು ಅಂತ ಅವಳಿಗೆ ಗೊತ್ತಿತ್ತು. ಹಳೇ ಮೇಡಂ. ಮೂವತ್ತೊಂದು ವರ್ಷ ಅದೇ ಕುರ್ಚೀಲಿ ಕೂತು, ಒಂದು ಮಧ್ಯಾಹ್ನ ಅದೇ ಮೇಜಿನ ಮೇಲೆ ತಲೆಯಿಟ್ಟು ಹೋದವರು. ಅವರ ಜಾಗಕ್ಕೆ ಅಕ್ಕ ಬಂದು ಎರಡು ವರ್ಷ. ಎರಡು ವರ್ಷವೂ ಡಾಕ್ಟರುಗಳದ್ದು ಒಂದೇ ರಾಗ, ಹಳೇ ಮೇಡಂ ಆಗಿದ್ರೆ ಐದು ನಿಮಿಷದಲ್ಲಿ ಹುಡುಕಿಕೊಡ್ತಿದ್ರು ಅಂತ. ಅದೂ ಸಾಲದೂಂತ, ಅಕ್ಕನಿಗೆ ಸಂಜೆ ಸಿಗದ ಪುಸ್ತಕ ಬೆಳಿಗ್ಗೆ ಬೀಗ ತೆಗೆದ್ರೆ ಮೇಜಿನ ಮೇಲೆ ತೆರೆದಿರ್ತಿತ್ತು. ಬೇಕಾದ ಪುಟಕ್ಕೆ ಸಣ್ಣದೊಂದು ಚೀಟಿ. ಡಾಕ್ಟರು ಓದ್ಕೊಂಡು, ಥೇಟ್ ಮೇಡಂ ಥರಾನೇ ಚೀಟಿ ಇಡೋದು ಕಲಿತ್ರಿ ಅಂತ ಹೊಗಳಿ ಹೋಗೋರು. ಸತ್ತವಳ ಜೊತೆ ಪೈಪೋಟಿ ಮಾಡೋದು ಹೇಗೆ ಹೇಳಿ. ಅಕ್ಕ ಆ ಚೀಟಿಗಳನ್ನ ಚೂರುಚೂರು ಹರಿದು ಬುಟ್ಟಿಗೆ ಹಾಕೋಳು.

ಬಾವಿ ಹತ್ರ ನಿಂತಿದ್ದಾಗಲೇ ಫೋನು ಬಂತು. ಮಕ್ಕಳ ವಾರ್ಡಿನ ಡಾಕ್ಟರು. ನಾಲ್ಕು ವರ್ಷದ ಹುಡುಗಿ ಬೇಲಿ ಗಿಡದ ವಿಷದ ಬೀಜ ತಿಂದಿದೆ, ಮದ್ದು ಕೈಲಿದೆ, ಅಷ್ಟು ಚಿಕ್ಕದಕ್ಕೆ ಎಷ್ಟು ಕೊಡಬೇಕು ಬೇಗ ನೋಡಿ ಹೇಳಿ ಅಂದ್ರು.

ಅಕ್ಕ ಓಡಿ ವಾಪಸ್ ಬಂದು ಬೀಗ ತೆಗೆದ್ಲು. ಮೇಜಿನ ಮೇಲೆ ಪುಸ್ತಕ. ತೆರೆದಿದೆ. ಚೀಟಿ ಇದೆ. ಅಳತೆಯೂ ಇದೆ… ಓದಿ ಹೇಳಿದ್ರೆ ಮುಗೀತು.

ಹೇಳಲಿಲ್ಲ. ಇವತ್ತೂ ಇವಳೇ ಗೆಲ್ಲಬೇಕಾ, ಅಂದುಕೊಂಡ್ಲು. ಪುಸ್ತಕ ಪಕ್ಕಕ್ಕೆ ತಳ್ಳಿ ಕಂಪ್ಯೂಟರ್ ಹಾಕಿದ್ಲು. ಆಸ್ಪತ್ರೆ ಲೈಬ್ರರಿಯವರದ್ದೇ ಒಂದು ಗುಂಪಿದೆ, ಒಬ್ಬರಿಗೆ ಸಿಗದ್ದನ್ನ ಇನ್ನೊಬ್ಬರು ಹುಡುಕಿಕೊಡ್ತಾರೆ. ಅಲ್ಲಿ ಕೇಳಿದ್ಲು. ಮತ್ತೆ ಫೋನು, ಸಿಕ್ತಾ ಅಂತ. ಒಂದೇ ನಿಮಿಷ ಅಂದ್ಲು. ಅಷ್ಟರಲ್ಲಿ ಯಾವುದೋ ಊರಿನ ಒಬ್ಬಾಕೆ ಬರೆದ್ಲು… ಹಳೇ ಮುದ್ರಣ ನೋಡಬೇಡಿ, ಆ ಅಳತೆಗೆ ಮಕ್ಕಳ ಎದೆಬಡಿತ ನಿಂತುಹೋಗುತ್ತೆ, ಹೊಸದರಲ್ಲಿ ಅರ್ಧಕ್ಕೂ ಕಮ್ಮಿ ಮಾಡಿದಾರೆ.

ಮೇಜಿನ ಮೇಲೆ ತೆರೆದಿದ್ದದ್ದು ಹಳೇದು. ಹೊಸ ಮುದ್ರಣ ಅಕ್ಕನ ಬೀರುವಿನಲ್ಲೇ ಇತ್ತು, ಕಟ್ಟು ಬಿಚ್ಚದೆ. ದಾರ ಹಲ್ಲಲ್ಲಿ ಕಚ್ಚಿ ಹರಿದು, ಪುಟ ತೆಗೆದು, ಫೋನಿನಲ್ಲಿ ಎರಡು ಸಲ ಓದಿ ಹೇಳಿದ್ಲು.

ಫೋನಿಟ್ಟಳು. ಆಮೇಲೆ… ಕಪಾಟುಗಳ ಸಂದಿಯಿಂದ ದನಿ. ಒಣ ಹಾಳೆಗೆ ಹಾಳೆ ಉಜ್ಜಿದ ಹಾಗೆ.

"ಯಾವ ವರ್ಷದ್ದು?"

ಅಕ್ಕ ತಿರುಗಿ ನೋಡಲಿಲ್ಲ. "ಈ ವರ್ಷದ್ದು."

ಟ್ಯೂಬ್‌ಲೈಟಿನ ಜುಂಯ್ ಮಾತ್ರ…

"ನಂಗೆ ಯಾರೂ ಹೇಳ್ಲಿಲ್ಲ."

ಆ ದನೀಲಿ ಇದ್ದದ್ದು ಏನು ಅಂತ ಅಕ್ಕನಿಗೆ ತಟ್ಟನೆ ಗೊತ್ತಾಯ್ತು. ಎರಡು ವರ್ಷದಿಂದ ತನ್ನ ಹೊಟ್ಟೇಲಿ ಸಾಕಿಕೊಂಡಿದ್ದ ಅದೇ ಉರಿ. ಆಗ ಅವಳಿಗೆ ನಿಜವಾಗಿ ಭಯ ಆಯ್ತು. ಹೊಸ ಪುಸ್ತಕವನ್ನ ಮೇಜಿನ ಮೇಲೇ ತೆರೆದಿಟ್ಟು, ದೀಪ ಆರಿಸದೆ ಮನೆಗೆ ಬಂದ್ಲು.

ಹುಡುಗಿ ಬದುಕಿತು. ಮೂರನೇ ದಿನ ವಾರ್ಡಿನ ತುಂಬ ಓಡಾಡ್ತಿತ್ತಂತೆ. ಡಾಕ್ಟರು ಮೊದಲನೇ ಸಲ ಅಕ್ಕನ ಹೆಸರು ಹಿಡಿದು ಹೊಗಳಿದ್ರು. ಆದ್ರೆ ಮಗುಗೋಸ್ಕರ ಹುಡುಕಿದ್ದಲ್ಲ ಕಣೋ, ಅವಳನ್ನ ಸೋಲಿಸೋಕೆ ಹುಡುಕಿದ್ದು ಅಂತ ನನ್ನ ಹತ್ರ ಒಪ್ಕೊಂಡಿದಾಳೆ.

ಆ ಹೊಸ ಪುಸ್ತಕ ಮಾತ್ರ ಬೆಳಿಗ್ಗೆ ಮೇಜಿನ ಮೇಲಿರಲಿಲ್ಲ. ಇವತ್ತಿಗೂ ಇಲ್ಲ. ಅದರ ಎರವಲು ಕಾರ್ಡು ಪೆಟ್ಟಿಗೇಲಿದೆ, ಓದುಗರ ಹೆಸರಿನ ಜಾಗ ಖಾಲಿ. ಕೆಳಗೆ ಹದಿನೈದು ದಿನಕ್ಕೊಮ್ಮೆ ತಾರೀಖಿನ ಮುದ್ರೆ, ವಾಯಿದೆ ಮುಂದಕ್ಕೆ ಹಾಕಿದ್ದು. ಒಂದು ಸಲವೂ ತಪ್ಪಿಲ್ಲ. ಅಕ್ಕ ಒತ್ತಿಲ್ಲ.

ನಂಬದಿದ್ರೆ ಬಿಡಿ. ಕಾರ್ಡನ್ನ ನಾನೇ ಕೈಯಲ್ಲಿ ಹಿಡಿದು ನೋಡಿದೀನಿ. ಕೊನೇ ಮುದ್ರೆ ಮೊನ್ನೆ ಶುಕ್ರವಾರದ್ದು… ಶಾಯಿ ಬೆರಳಿಗೆ ಅಂಟ್ತು.