ಭಾನುವಿಗೆ ಹೋದ ಮೆಸೇಜು

2008ರ ನವೆಂಬರ್ 19, ಬುಧವಾರ. ತಾರೀಖು ಬರೆದಿಟ್ಟಿದ್ದೇನೆ. ನನ್ನ ಚಿಕ್ಕಪ್ಪನ ಮಗ ನೀಲಕಂಠಸ್ವಾಮಿ ಗುಂಡ್ಲುಪೇಟೆಯಿಂದ ಕೊನೇ ಬಸ್ಸಿಗೆ ಬಂದು ಹಂಗಳದಲ್ಲಿ ಇಳಿದ. ಆಲದ ಮರ ದಾಟಿದರೆ ಅವನ ಮನೆ.

ಅವನು ಟಿ.ವಿ., ಫ್ರಿಜ್ಜು ಮಾರುವ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ. ಚಾಮರಾಜನಗರದಲ್ಲೊಂದು ಶಾಖೆ, ಗುಂಡ್ಲುಪೇಟೆಯಲ್ಲೊಂದು. ಗಿರಾಕಿಗಳಿಗೆ ಮೆಸೇಜು ಕಳಿಸಲು ಹೊಸ ಸಾಫ್ಟ್‌ವೇರ್ ಬಂದಿತ್ತು. ಗಿರಾಕಿಗಳ ಪಟ್ಟಿಯನ್ನು ಎರಡೂ ಶಾಖೆಯಲ್ಲಿ ಬೇರೆಬೇರೆಯಾಗಿ ಅದಕ್ಕೆ ಹಾಕಬೇಕು. ಸೋಮವಾರ ಚಾಮರಾಜನಗರದಲ್ಲಿ ಹಾಕಿದ್ದ, ಬುಧವಾರ ಗುಂಡ್ಲುಪೇಟೆಯಲ್ಲಿ. ಪರೀಕ್ಷೆಗೆ ಯಾರದಾದರೂ ನಂಬರು ಬೇಕಲ್ಲ... ಗಿರಾಕಿಗಳಿಂದ ಬೈಸಿಕೊಳ್ಳುವುದು ಬೇಡವೆಂದು, ಯುಗಾದಿಗೆ ಮುಂಚೆ ತೀರಿಕೊಂಡ ಹೆಂಡತಿ ಭಾನುವಿನ ನಂಬರನ್ನೇ ಪಟ್ಟಿಗೆ ಸೇರಿಸಿದ್ದ. ಅವಳ ಫೋನು ಬ್ಯಾಟರಿ ಕಳಚಿ ಬೀರುವಿನಲ್ಲಿತ್ತು.

ಆ ಸಂಜೆ ಒಂದು ಮೆಸೇಜು ಬಿಟ್ಟು ನೋಡಿದ. 'ಭಾನು ಅವರೇ, ಮಕ್ಕಳನ್ನೂ ಕರೆದುಕೊಂಡು ಅಂಗಡಿಗೆ ಬನ್ನಿ.'

ತಲುಪಿತು ಎಂದು ತೋರಿಸಿತು.

ರಾತ್ರಿ ಬಸ್ಸಿಳಿದು ಬರುವಾಗ ಆಲದ ಕೆಳಗೆ ತರಗೆಲೆ ಚರಕ್... ಚರಕ್ ಎಂದಿತು. ಆಮೇಲೆ, ಟಿಣಿಕ್... ಟಿಣಿಕ್. ಅವಳ ಫೋನಿನದೇ ಸದ್ದು.

"ರೀ... ಕರುದ್ರಾ?"

ಭಾನುವಿನದೇ ದನಿ. ಅವನು ತಿರುಗಿ ನೋಡದೆ ಹೆಜ್ಜೆ ಬೀಸಿದ.

"ಮಗೀನೂ ಕರ್ಕೊಂಡು ಬರ್ಲಾ?"

"ಬ್ಯಾಡ ಕಣಮ್ಮಿ... ಅದ ಬುಡು. ಕೈ ಮುಗೀತೀನಿ."

"ನೀವೇ ಬರ್ದಿದ್ದೀರಲ್ಲ..." ಮೆಲ್ಲಗೆ ನಕ್ಕಳಂತೆ. "ಇನ್ನೊಂದ್ಸಲ ಕರುದ್ರೆ ಬತ್ತೀನಿ."

ಓಡಿದ. ಒಂದನೇ ತರಗತಿಯ ಮಗಳು ಅಜ್ಜಿಯ ಪಕ್ಕ ನಿದ್ದೆಯಲ್ಲಿದ್ದಳು. ಬೆಳಗಾಗುವ ತನಕ ಬಾಗಿಲಿಗೆ ಒರಗಿ ಕುಳಿತಿದ್ದ. ಬೆಳಿಗ್ಗೆ ಮಗುವನ್ನು ತಾನೇ ಶಾಲೆಗೆ ಬಿಟ್ಟು, ಗುಂಡ್ಲುಪೇಟೆಗೆ ಹೋಗಿ ಭಾನುವಿನ ಹೆಸರು ಅಳಿಸಿದ. ಉಸಿರು ಬಂತು. ಚಾಮರಾಜನಗರದ ಪಟ್ಟಿಯಲ್ಲೂ ಆ ಹೆಸರಿದೆ ಎಂಬುದು ನೆನಪಾದಾಗ ಹತ್ತು ದಾಟಿತ್ತು.

ಅಲ್ಲಿ ಕೂರುವ ನಗ್ಮಾಗೆ ಫೋನು ಮಾಡಿದ. "ನಗ್ಮಾ, ಭಾನು ಅನ್ನೋ ಹೆಸ್ರು ತೆಗಿ... ಬೇಗ!"

"ಈಗ ಹೇಳ್ತೀರಲ್ಲ ಅಣ್ಣಾ, ನಿದ್ದೆ ಮಾಡ್ತಿದ್ರಾ? ಹತ್ತಕ್ಕೇ ಎಲ್ರಿಗೂ ಅದೇ ಮೆಸೇಜು ಹೋಗಾಯ್ತು."

ಅವನು ಶಾಲೆಗೆ ಬರುವಷ್ಟರಲ್ಲಿ ಮಗು ಇರಲಿಲ್ಲ. ಟೀಚರು ಹೊಸಬರು. "ಅವ್ರಮ್ಮ ಬಂದು ಕರ್ಕೊಂಡು ಹೋದ್ರಲ್ಲ," ಎಂದರು.

ಪೊಲೀಸರು ಬಂದರು. ಬಾವಿ, ಕಾಡಂಚು ಎಲ್ಲ ಹುಡುಕಿದರು. ಮಗು ಇವತ್ತಿಗೂ ಸಿಕ್ಕಿಲ್ಲ.

ಯಾರಾದರೂ ಕಟ್ಟುಕತೆ ಅಂದರೆ ನಾನು ಒಪ್ಪುವುದಿಲ್ಲ. ಮಕ್ಕಳನ್ನು ತರಗತಿಯ ನಡುವೆ ಕರೆದೊಯ್ಯುವವರು ಬರೆಯುವ ರಿಜಿಸ್ಟರನ್ನು ಶಾಲೆಗೆ ಹೋಗಿ ನಾನೇ ನೋಡಿದ್ದೇನೆ. 20ನೇ ತಾರೀಖು, ಹತ್ತೂ ಐದು. ಭಾನುವಿನ ಸಹಿ. ಕಾರಣ ಎಂಬಲ್ಲಿ ಅವಳದೇ ದುಂಡು ಅಕ್ಷರ... 'ಅವರಪ್ಪ ಕರೆದಿದ್ದಾರೆ.'